ತಟಸ್ಥ ದೀಪದ ದೋಷನಿರ್ಣಯ

ಪೀಠಿಕೆ

ಬೀಳಗಿ ಸೀಮೆಯ ರಸ್ತೆಗಳಲ್ಲಿ ಒಂದು ಕಾಲಕ್ಕೆ ಎತ್ತಿನ ಗಾಡಿಯೂ ಸೈಕಲ್ಲೂ ಮಾಡುತ್ತಿದ್ದ ಕೆಲಸವನ್ನು ಇಂದು ಬಹುಮಟ್ಟಿಗೆ ಮೋಟಾರು ಸೈಕಲ್ಲು ಮಾಡುತ್ತಿದೆ. ಹಳ್ಳಿಯ ಹಿರಿಯರು ಅದರ ಸದ್ದನ್ನೇ ಹಿಡಿದು ‘ಫಟಫಟಿ’ ಎಂದು ಹೆಸರಿಟ್ಟ ಈ ವಾಹನವು ಶಿಕ್ಷಕನನ್ನು ಶಾಲೆಗೂ, ರೈತನನ್ನು ಕಬ್ಬಿನ ಹೊಲಕ್ಕೂ, ಹಾಲಿನವನನ್ನು ಡೇರಿಗೂ ಮುಟ್ಟಿಸುತ್ತದೆ. ಆದರೆ ದಿನನಿತ್ಯ ಏರುವ ವಾಹನದ ಅಂತರಂಗವನ್ನು ಬಲ್ಲವರು ವಿರಳ. ಕೆಟ್ಟರೆ ಗ್ಯಾರೇಜಿಗೆ ಒಯ್ಯುವುದು, ಅಲ್ಲಿ ಹೇಳಿದ ಸಾಮಾನನ್ನು ಕೊಳ್ಳುವುದು, ಮತ್ತೆ ಕೆಟ್ಟರೆ ಮತ್ತೆ ಕೊಳ್ಳುವುದು, ಇದೇ ರೂಢಿಯಾಗಿದೆ.

ವಾಹನದ ಮುಖಫಲಕದಲ್ಲಿ ಬೆಳಗುವ ಚಿಕ್ಕ ಹಸಿರು ದೀಪವೊಂದಿದೆ. ಗೇರು ಯಾವುದಕ್ಕೂ ಸೇರಿಲ್ಲ, ಅಂದರೆ ವಾಹನವು ‘ನ್ಯೂಟ್ರಲ್’ನಲ್ಲಿದೆ ಎಂಬುದನ್ನು ಸೂಚಿಸುವುದು ಅದರ ಕಾರ್ಯ. ಈ ದೀಪ ಕೆಡುವುದು ಸಾಮಾನ್ಯ. ಅದನ್ನು ಅಲಕ್ಷಿಸುವುದು ಇನ್ನೂ ಸಾಮಾನ್ಯ. ದೀಪವೇ ತಾನೆ ಎಂಬ ಉದಾಸೀನದಿಂದ ವಾಹನ ನಡೆಸುವವನು ಒಂದು ದಿನ ಅದನ್ನು ನಂಬಿ ಕ್ಲಚ್ಚನ್ನು ಬಿಟ್ಟಾಗ ವಾಹನವು ಮುಂದಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ನೆಗೆದೀತು. ಆದುದರಿಂದ ಈ ಅಲ್ಪವಸ್ತುವಿನ ವಿಚಾರವು ಅಲ್ಪವಲ್ಲ. ಇದರ ದೋಷವನ್ನು ಹುಡುಕುವ ಕ್ರಮವು ಪ್ರಾಚೀನರು ತರ್ಕಶಾಸ್ತ್ರದಲ್ಲಿ ಕಲಿಸಿದ ವಿಚಾರಕ್ರಮದೊಡನೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಟಸ್ಥ ಸ್ಥಿತಿಯ ಸ್ವರೂಪ

‘ನ್ಯೂಟ್ರಲ್’ ಎಂಬುದಕ್ಕೆ ಕನ್ನಡದಲ್ಲಿ ‘ತಟಸ್ಥ’ ಎಂಬ ಮಾತು ಬಳಕೆಯಲ್ಲಿದೆ. ತಟವೆಂದರೆ ದಡ, ತಟಸ್ಥನೆಂದರೆ ದಡದಲ್ಲಿ ನಿಂತವನು. ಕೃಷ್ಣೆ ಘಟಪ್ರಭೆಗಳ ನಡುವಣ ಜನಕ್ಕೆ ಈ ಶಬ್ದದ ಸೊಗಸನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊಳೆಯು ಹರಿಯುತ್ತಿದ್ದರೂ ದಡದಲ್ಲಿ ನಿಂತವನನ್ನು ಸೆಳೆಯಲಾರದು. ಹಾಗೆಯೇ ಎಂಜಿನ್ನು ತಿರುಗುತ್ತಿದ್ದರೂ ಅದರ ವೇಗವು ಹಿಂದಿನ ಗಾಲಿಗೆ ತಾಕದಿರುವ ಸ್ಥಿತಿಯೇ ತಟಸ್ಥ ಸ್ಥಿತಿ.

ಗೇರುಪೆಟ್ಟಿಗೆಯೊಳಗೆ ಎರಡು ದಂಡಗಳಿರುತ್ತವೆ. ಒಂದಕ್ಕೆ ಎಂಜಿನ್ನಿನ ಬಲ ಬರುತ್ತದೆ. ಇನ್ನೊಂದರಿಂದ ಆ ಬಲವು ಚೈನಿನ ಮೂಲಕ ಗಾಲಿಗೆ ಹೋಗುತ್ತದೆ. ಈ ದಂಡಗಳ ಮೇಲಿನ ಹಲ್ಲುಚಕ್ರಗಳು ಜೋಡಿಜೋಡಿಯಾಗಿ ಸದಾ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ಆದರೆ ಪ್ರತಿ ಜೋಡಿಯಲ್ಲಿಯೂ ಒಂದು ಚಕ್ರವು ತನ್ನ ದಂಡದ ಮೇಲೆ ಸಡಿಲವಾಗಿ ಸುತ್ತುವಂಥದು. ಪಕ್ಕದ ಚಕ್ರವು ಸರಿದು ಬಂದು ತನ್ನ ಮಗ್ಗುಲಿನ ಹಲ್ಲುಗಳಿಂದ ಅದನ್ನು ಹಿಡಿದಾಗ ಮಾತ್ರ ಆ ಜೋಡಿ ಕೆಲಸಕ್ಕೆ ಬರುತ್ತದೆ. ಯಾವ ಜೋಡಿಯೂ ಹೀಗೆ ಹಿಡಿಯಲ್ಪಡದಿದ್ದರೆ ಅದು ತಟಸ್ಥ.

ಚಕ್ರಗಳನ್ನು ಸರಿಸುವವು ಫೋರ್ಕುಗಳು. ಫೋರ್ಕುಗಳನ್ನು ನಡೆಸುವುದು ಗಾಡಿಗಳನ್ನು, ಎಂದರೆ ಓರೆಯಾದ ಕೊರೆತಗಳನ್ನು, ಮೈಮೇಲೆ ಹೊತ್ತ ಗೇರ್ ಡ್ರಮ್ಮು. ಡ್ರಮ್ಮನ್ನು ತಿರುಗಿಸುವುದು ಸವಾರನ ಕಾಲಿನ ಕೆಳಗಿನ ಲೀವರು. ಡ್ರಮ್ಮು ಪ್ರತಿಯೊಂದು ಗೇರಿಗೂ ಒಂದು ನಿಶ್ಚಿತ ಕೋನದಲ್ಲಿ ನಿಲ್ಲುತ್ತದೆ. ಆದುದರಿಂದ ಡ್ರಮ್ಮು ಎಲ್ಲಿ ನಿಂತಿದೆ ಎಂಬುದನ್ನು ತಿಳಿದರೆ ವಾಹನವು ಯಾವ ಗೇರಿನಲ್ಲಿದೆ ಎಂಬುದನ್ನು ತಿಳಿದಂತೆಯೇ ಆಯಿತು. ದೀಪದ ವ್ಯವಸ್ಥೆಯೆಲ್ಲವೂ ಈ ಒಂದು ಅಂಶವನ್ನು ಆಶ್ರಯಿಸಿದೆ.

ಕೆಲವು ವಾಹನಗಳಲ್ಲಿ ತಟಸ್ಥಸ್ಥಾನವು ಒಂದನೆಯ ಮತ್ತು ಎರಡನೆಯ ಗೇರುಗಳ ನಡುವೆ ಇರುತ್ತದೆ. ಕೆಲವುಗಳಲ್ಲಿ ಒಂದನೆಯ ಗೇರಿಗೂ ಮೊದಲೇ ಇರುತ್ತದೆ. ನಡುವೆ ಇರುವಲ್ಲಿ ಕಾಲಿನ ಅರ್ಧ ಒತ್ತಿನಿಂದ ಅದನ್ನು ಹುಡುಕಬೇಕು. ಒತ್ತು ತುಸು ಹೆಚ್ಚಾದರೆ ಅದನ್ನು ದಾಟಿಹೋಗುತ್ತದೆ. ಈ ಹುಡುಕಾಟದ ಕಷ್ಟವನ್ನು ಹಿಂದಿನ ತಯಾರಕರು ಬೇರೆ ಬೇರೆ ರೀತಿಯಿಂದ ಎದುರಿಸಿದರು. ಮದರಾಸಿನಲ್ಲಿ ತಯಾರಾಗುತ್ತಿದ್ದ ಹಳೆಯ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ, ಬಲಗಡೆಯ ಗೇರ್ ಲೀವರಿನ ಪಕ್ಕದಲ್ಲಿ, ಮೇಲಿನ ಗೇರುಗಳಿಂದ ನೇರವಾಗಿ ತಟಸ್ಥಕ್ಕೆ ಬರಲೆಂದೇ ಇನ್ನೊಂದು ಚಿಕ್ಕ ಲೀವರು ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಹೆಸರಿನಲ್ಲಿಯೂ, 1973ರಿಂದ ಯೆಜ್ಡಿ ಹೆಸರಿನಲ್ಲಿಯೂ ತಯಾರಿಸಿದ ವಾಹನಗಳಲ್ಲಿ ಗೇರು ಬದಲಿಸುವ ಲೀವರೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಹೊಡೆಯುವ ಲೀವರೂ ಆಗುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅದರ ವಾಹನಗಳನ್ನು ಜತನದಿಂದ ಇಟ್ಟುಕೊಂಡವರು ಕರ್ನಾಟಕದಲ್ಲಿ ಇಂದಿಗೂ ಉಂಟು. ಅಂದಿನ ಅನುಭವಿ ಸವಾರನು ತಟಸ್ಥವನ್ನು ಕಾಲಿನಿಂದಲೇ ಅರಿಯುತ್ತಿದ್ದನು. ಇಂದಿನವನು ದೀಪವನ್ನು ನೋಡಿ ಅರಿಯುತ್ತಾನೆ. ಕಾಲಿನ ಜ್ಞಾನವು ಪ್ರತ್ಯಕ್ಷ. ದೀಪದ ಜ್ಞಾನವು ಅನುಮಾನ. ಈ ಭೇದವನ್ನು ಮುಂದೆ ವಿವರಿಸಲಾಗುವುದು.

ದೀಪದ ಮಾರ್ಗ

ಬ್ಯಾಟರಿಯ ಧನಧ್ರುವದಿಂದ ಹೊರಟ ವಿದ್ಯುತ್ತು ಮೊದಲು ಫ್ಯೂಜನ್ನೂ ಬಳಿಕ ಕೀಲಿಯ ಸ್ವಿಚ್ಚನ್ನೂ ದಾಟಿ ಮುಖಫಲಕದ ಹಸಿರು ದೀಪಕ್ಕೆ ಬರುತ್ತದೆ. ದೀಪದಿಂದ ಒಂದೇ ಒಂದು ತಂತಿಯು ಹ್ಯಾಂಡಲ್ಲಿನ ಕುತ್ತಿಗೆಯ ಬಳಿಯಿಂದ, ಪೆಟ್ರೋಲ್ ಟಾಕಿಯ ಅಡಿಯಿಂದ ಹಾಯ್ದು ಎಂಜಿನ್ನಿಗೆ ಇಳಿಯುತ್ತದೆ. ಅಲ್ಲಿ, ಬಹಳಷ್ಟು ವಾಹನಗಳಲ್ಲಿ ಎಡಬದಿಗೆ ಚೈನಿನ ಮುಂದಿನ ಹಲ್ಲುಗಾಲಿಯ ಮುಚ್ಚಳದ ಒಳಗೆ, ಗೇರ್ ಡ್ರಮ್ಮಿನ ತುದಿಗೆ ಎದುರಾಗಿ ಒಂದು ಸಣ್ಣ ಸ್ವಿಚ್ಚು ಕುಳಿತಿರುತ್ತದೆ. ಡ್ರಮ್ಮು ತಟಸ್ಥಕ್ಕೆ ಬಂದಾಗ ಸ್ವಿಚ್ಚಿನೊಳಗಿನ ಲೋಹಗಳು ಕೂಡಿ, ತಂತಿಯು ಎಂಜಿನ್ನಿನ ಮೈಗೆ ಸೇರುತ್ತದೆ. ಎಂಜಿನ್ನಿನ ಮೈಯು ಬ್ಯಾಟರಿಯ ಋಣಧ್ರುವಕ್ಕೆ ಸೇರಿರುವುದರಿಂದ ವೃತ್ತವು ಪೂರ್ಣವಾಗಿ ದೀಪ ಬೆಳಗುತ್ತದೆ.

ಇಲ್ಲಿ ಓದುಗರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮನೆಯ ದೀಪದ ಸ್ವಿಚ್ಚು ದೀಪಕ್ಕೆ ಬರುವ ವಿದ್ಯುತ್ತನ್ನು ತಡೆಯುತ್ತದೆ ಅಥವಾ ಬಿಡುತ್ತದೆ. ಈ ಸ್ವಿಚ್ಚಾದರೋ ದೀಪದ ಆಚೆಗೆ, ಹಿಂತಿರುಗುವ ದಾರಿಯಲ್ಲಿದೆ. ಕೀಲಿ ತಿರುಗಿಸಿದೊಡನೆ ವಿದ್ಯುತ್ತು ದೀಪದವರೆಗೆ ಬಂದು ಕಾಯುತ್ತಿರುತ್ತದೆ. ಅದಕ್ಕೆ ಬೇಕಾದುದು ಮೈಸೇರುವ ದಾರಿ ಮಾತ್ರ. ಆದುದರಿಂದ ಆ ತಂತಿಯು ನಡುವೆ ತುಂಡಾದರೆ ದೀಪ ಎಂದಿಗೂ ಹೊತ್ತದು. ಅದೇ ತಂತಿಯ ಮೇಲುಹೊದಿಕೆ ಸವೆದು ಒಳಗಿನ ತಾಮ್ರವು ಚೌಕಟ್ಟಿನ ಕಬ್ಬಿಣಕ್ಕೆ ತಗುಲಿದರೆ, ಸ್ವಿಚ್ಚಿನ ಅಪ್ಪಣೆಗೆ ಕಾಯದೆ ದೀಪ ಸದಾ ಹೊತ್ತಿಕೊಂಡೇ ಇರುತ್ತದೆ. ಒಂದೇ ತಂತಿಯ ಎರಡು ಬಗೆಯ ಗಾಯದಿಂದ ಎರಡು ವಿರುದ್ಧ ಫಲಗಳು ಹುಟ್ಟುತ್ತವೆ.

ಲಿಂಗ, ಸಾಧ್ಯ, ಉಪಾಧಿ

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಬೆಟ್ಟದ ಹೊಗೆಯ ಉದಾಹರಣೆಯು ಪರಿಚಿತ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಹೊಗೆಯಿರುವಲ್ಲೆಲ್ಲ ಬೆಂಕಿಯುಂಟೆಂಬ ನಿಯಮವು ಅಡುಗೆಮನೆಯಲ್ಲಿ ಕಂಡು ತಿಳಿದದ್ದು. ಅದರ ಬಲದಿಂದ ಬೆಟ್ಟದಲ್ಲಿ ಬೆಂಕಿ ಇದೆಯೆಂದು ನಿಶ್ಚಯಿಸುತ್ತಾರೆ. ಇಲ್ಲಿ ಬೆಟ್ಟವು ಪಕ್ಷ, ಬೆಂಕಿಯು ಸಾಧ್ಯ, ಹೊಗೆಯು ಹೇತು. ಹೇತುವಿಗೆ ನ್ಯಾಯಶಾಸ್ತ್ರದಲ್ಲಿ ‘ಲಿಂಗ’ ಎಂಬ ಹೆಸರೂ ಉಂಟು. ಗುರುತು ಎಂದು ಅದರ ಅರ್ಥ. ಹೇತುವಿಗೂ ಸಾಧ್ಯಕ್ಕೂ ಇರುವ ತಪ್ಪದ ಸಂಬಂಧವೇ ವ್ಯಾಪ್ತಿ.

ಮೋಟಾರು ಸೈಕಲ್ಲಿನಲ್ಲಿ ವಾಹನವು ಪಕ್ಷ, ತಟಸ್ಥ ಸ್ಥಿತಿಯು ಸಾಧ್ಯ, ಬೆಳಗುವ ದೀಪವು ಲಿಂಗ. ಸವಾರನು ಡ್ರಮ್ಮನ್ನು ಕಾಣಲಾರನು. ದೀಪವನ್ನು ಕಂಡು ತಟಸ್ಥವನ್ನು ಊಹಿಸುತ್ತಾನೆ. ಅವನು ನಂಬಿರುವ ವ್ಯಾಪ್ತಿಯೆಂದರೆ, ದೀಪವಿದ್ದಾಗಲೆಲ್ಲ ತಟಸ್ಥವುಂಟು ಎಂಬುದು. ದೀಪ ಕೆಟ್ಟಿತೆಂದರೆ ಈ ವ್ಯಾಪ್ತಿಗೆ ಏನಾಯಿತೆಂದು ಮೊದಲು ಕೇಳಬೇಕು.

ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇದರಿಂದ ಹೊಗೆಯ ವ್ಯಾಪ್ತಿಗೆ ಭಂಗ ಬರುವುದಿಲ್ಲ. ಏಕೆಂದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿರಬೇಕೆಂದು ಯಾರೂ ಹೇಳಿಲ್ಲ. ತಟಸ್ಥದಲ್ಲಿದ್ದೂ ದೀಪ ಹೊತ್ತದ ವಾಹನವು ಈ ಕಬ್ಬಿಣದ ಗುಂಡಿನಂತೆ. ಅಲ್ಲಿ ಸಾಕ್ಷಿಯು ಮೌನವಾಗಿದೆ, ಸುಳ್ಳು ನುಡಿದಿಲ್ಲ. ಸವಾರನಿಗೆ ಅನಾನುಕೂಲವಾದೀತೇ ಹೊರತು ಅವನು ಮೋಸಹೋಗುವುದಿಲ್ಲ. ಗೇರಿನಲ್ಲಿದ್ದಾಗಲೂ ದೀಪ ಬೆಳಗಿದರೆ ಮಾತ್ರ ಪರಿಸ್ಥಿತಿ ಬೇರೆ. ಸಾಧ್ಯವಿಲ್ಲದೆಡೆಯಲ್ಲಿಯೂ ಹೇತು ಕಾಣಿಸಿಕೊಂಡದ್ದರಿಂದ ಅದು ಸವ್ಯಭಿಚಾರವೆಂಬ ಹೇತ್ವಾಭಾಸ. ಸಾಕ್ಷಿಯು ಸುಳ್ಳಾಡಿದೆ. ಎರಡೂ ದೋಷಗಳನ್ನು ‘ದೀಪ ಕೆಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಹೇಳುವುದುಂಟು. ಆದರೆ ಹೊತ್ತದ ದೀಪವನ್ನು ನಾಲ್ಕು ದಿನ ತಡೆದು ಸರಿಪಡಿಸಬಹುದು, ಆರದ ದೀಪವನ್ನು ಅಂದೇ ಸರಿಪಡಿಸಬೇಕು.

ಇನ್ನೊಂದು ಪರಿಭಾಷೆ ಉಪಾಧಿ. ಬೆಂಕಿಯು ಹೊಗೆಯನ್ನು ಕೊಡಬೇಕಾದರೆ ಹಸಿಯ ಸೌದೆ ಸೇರಬೇಕು. ಆ ಹಸಿಸೌದೆಯ ಸೇರುವೆಯೇ ಉಪಾಧಿ. ತಟಸ್ಥ ಸ್ಥಿತಿಯು ದೀಪವನ್ನು ಬೆಳಗಿಸಬೇಕಾದರೂ ಉಪಾಧಿಗಳು ಬೇಕು: ಬ್ಯಾಟರಿಯಲ್ಲಿ ಸತ್ತ್ವವಿರಬೇಕು, ಫ್ಯೂಜು ಉಳಿದಿರಬೇಕು, ಬಲ್ಬಿನ ಎಳೆ ಕಡಿಯದಿರಬೇಕು, ತಂತಿ ಅಖಂಡವಾಗಿರಬೇಕು, ಸ್ವಿಚ್ಚು ಶುದ್ಧವಾಗಿರಬೇಕು. ದೋಷನಿರ್ಣಯವೆಂದರೆ ಈ ಉಪಾಧಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ಪರೀಕ್ಷೆಯ ಸಾಧನ ಅನ್ವಯ ಮತ್ತು ವ್ಯತಿರೇಕ. ಇದು ಇದ್ದರೆ ಅದು ಉಂಟು ಎಂಬುದು ಅನ್ವಯ. ಇದು ಇಲ್ಲದಿದ್ದರೆ ಅದು ಇಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿದಾಗಲೇ ನಿಶ್ಚಯ.

ಮೊದಲ ಪರೀಕ್ಷೆ

ದೀಪವನ್ನು ಪರೀಕ್ಷಿಸುವ ಮುನ್ನ ತಟಸ್ಥವನ್ನೇ ಪರೀಕ್ಷಿಸಬೇಕು. ಎಂಜಿನ್ನನ್ನು ನಿಲ್ಲಿಸಿ, ಕ್ಲಚ್ಚನ್ನು ಹಿಡಿಯದೆ, ಸಮನೆಲದಲ್ಲಿ ವಾಹನವನ್ನು ಹಿಂದಕ್ಕೂ ಮುಂದಕ್ಕೂ ದೂಡಬೇಕು. ಸರಾಗವಾಗಿ ಉರುಳಿದರೆ ಯಾವ ಗೇರೂ ಹಿಡಿದಿಲ್ಲ. ಎಂಜಿನ್ನಿನ ಎದುರೊತ್ತು ಕೈಗೆ ತಿಳಿದರೆ ಗೇರಿನಲ್ಲಿದೆ. ಇದು ಪ್ರತ್ಯಕ್ಷಪ್ರಮಾಣ, ಇದಕ್ಕೆ ದೀಪದ ಹಂಗಿಲ್ಲ.

ಇಲ್ಲಿ ಎರಡು ಭ್ರಾಂತಿಗಳಿಗೆ ಎಡೆಯುಂಟು. ನಡುಸ್ಟ್ಯಾಂಡ್ ಹಾಕಿ ಎಂಜಿನ್ನನ್ನು ಚಾಲೂ ಮಾಡಿದಾಗ ತಟಸ್ಥದಲ್ಲಿಯೂ ಹಿಂದಿನ ಗಾಲಿ ಮೆಲ್ಲಗೆ ತಿರುಗುವುದುಂಟು. ಇದು ಗೇರಿನ ಲಕ್ಷಣವಲ್ಲ. ಗೇರುಪೆಟ್ಟಿಗೆಯ ಎಣ್ಣೆಯ ಜಿಗುಟು ಚಕ್ರಗಳನ್ನು ಜೊತೆಗೆ ಎಳೆಯುವುದರಿಂದ ಆಗುವಂಥದು. ವಿಶೇಷತಃ ಚಳಿಗಾಲದ ಮುಂಜಾನೆ ಎಣ್ಣೆ ದಪ್ಪವಾಗಿದ್ದಾಗ ಹೆಚ್ಚು. ಎರಡನೆಯದಾಗಿ, ಗೇರು ಬದಲಿಸುವಾಗ ಡ್ರಮ್ಮು ಎರಡು ಮೇಲಿನ ಗೇರುಗಳ ನಡುವೆ ಅರೆಬರೆಯಾಗಿ ನಿಂತರೆ ಗಾಲಿಯು ಬಿಡುಗಡೆಯಾದಂತೆ ತೋರುತ್ತದೆ, ದೀಪ ಮಾತ್ರ ಹೊತ್ತುವುದಿಲ್ಲ. ಇದನ್ನು ಹುಸಿತಟಸ್ಥ ಎನ್ನಬಹುದು. ಇಲ್ಲಿ ದೀಪದಲ್ಲಿ ದೋಷವಿಲ್ಲ. ಅದು ನಿಜವನ್ನೇ ಹೇಳುತ್ತಿದೆ. ದೋಷವಿರುವುದು ಪೂರ್ತಿಯಾಗಿ ಒತ್ತದ ಕಾಲಿನಲ್ಲಿ, ಇಲ್ಲವೆ ಸವೆದ ಫೋರ್ಕು ಮೊದಲಾದ ಅಂಗಗಳಲ್ಲಿ.

ದೋಷದ ನಾಲ್ಕು ಪ್ರಕಾರಗಳು

ಮೊದಲನೆಯದು, ದೀಪ ಎಂದಿಗೂ ಹೊತ್ತದಿರುವುದು. ಆಗ ಹಾರ್ನು, ತಿರುವಿನ ದೀಪ ಮೊದಲಾದವು ಕೆಲಸ ಮಾಡುತ್ತಿವೆಯೇ ಎಂದು ನೋಡಬೇಕು. ಅವೂ ಸತ್ತಿದ್ದರೆ ಬ್ಯಾಟರಿ, ಫ್ಯೂಜು, ಕೀಲಿಸ್ವಿಚ್ಚುಗಳ ಕಡೆಗೆ ತಿರುಗಬೇಕು. ಅವು ಸರಿಯಾಗಿದ್ದು ಹಸಿರು ದೀಪವೊಂದೇ ಮೌನವಾಗಿದ್ದರೆ, ವಾಹನವನ್ನು ತಟಸ್ಥದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಚಾಲೂ ಮಾಡದೆ, ಚೈನಿನ ಮುಚ್ಚಳ ಬಿಚ್ಚಿ, ಸ್ವಿಚ್ಚಿನಿಂದ ತಂತಿಯನ್ನು ಬಿಡಿಸಿಕೊಳ್ಳಬೇಕು. ಕೀಲಿ ತಿರುಗಿಸಿ, ಬಿಡಿಸಿದ ತಂತಿಯ ತುದಿಯನ್ನು ಎಂಜಿನ್ನಿನ ಶುದ್ಧವಾದ ಲೋಹಕ್ಕೆ ಮುಟ್ಟಿಸಬೇಕು. ದೀಪ ಹೊತ್ತಿದರೆ ಬಲ್ಬು, ಫ್ಯೂಜು, ತಂತಿ ಮೂರೂ ನಿರ್ದೋಷಿಗಳು, ಅಪರಾಧಿಯು ಸ್ವಿಚ್ಚು. ಹೊತ್ತದಿದ್ದರೆ ಸ್ವಿಚ್ಚನ್ನು ಸಂಶಯದಿಂದ ಬಿಟ್ಟು ಬಲ್ಬನ್ನೂ ತಂತಿಯನ್ನೂ ನೋಡಬೇಕು. ಈ ಒಂದು ಸ್ಪರ್ಶವು ದಾರಿಯನ್ನು ನಡುವೆ ಸೀಳಿ, ಅರ್ಧ ಸಂಶಯವನ್ನು ಒಮ್ಮೆಗೇ ಕಳೆಯುತ್ತದೆ.

ಎಚ್ಚರಿಕೆಯೊಂದುಂಟು. ಹೀಗೆ ಮೈಗೆ ಮುಟ್ಟಿಸಬಹುದಾದದ್ದು ಈ ತಂತಿಯನ್ನು ಮಾತ್ರ. ವಿದ್ಯುತ್ತು ಬಲ್ಬನ್ನು ದಾಟಿ ಬರುವುದರಿಂದ ಇಲ್ಲಿ ಅಪಾಯವಿಲ್ಲ. ಬ್ಯಾಟರಿಯಿಂದ ನೇರವಾಗಿ ಬಂದ ಬೇರೊಂದು ತಂತಿಯನ್ನು ಹಾಗೆ ಮುಟ್ಟಿಸಿದರೆ ಕಿಡಿ ಹಾರಿ ಫ್ಯೂಜು ಸುಡುತ್ತದೆ. ತಂತಿಗಳನ್ನು ಬಣ್ಣದಿಂದ ಗುರುತಿಸಲು ಬರುತ್ತದೆ: ಹೊಂಡಾ ಸಂಪ್ರದಾಯದ ವಾಹನಗಳಲ್ಲಿ ತಟಸ್ಥದ ತಂತಿಯು ತಿಳಿಹಸಿರು ಮೈಯ ಮೇಲೆ ಕೆಂಪು ಗೆರೆಯುಳ್ಳದ್ದು, ಯಮಹಾ ವಾಹನಗಳಲ್ಲಿ ಆಕಾಶನೀಲಿ. ಆದರೂ ಆಯಾ ವಾಹನದ ಕೈಪಿಡಿಯನ್ನು ನೋಡಿಕೊಳ್ಳುವುದೇ ಲೇಸು. ಹಿಂದೆ ಯಾರಾದರೂ ತಂತಿ ಬದಲಿಸಿದ್ದರೆ ಬಣ್ಣವೂ ಬದಲಾಗಿರಬಹುದು.

ಬಲ್ಬನ್ನು ಬದಲಿಸುವಾಗ ವೋಲ್ಟನ್ನೂ ವ್ಯಾಟನ್ನೂ ನೋಡಬೇಕು. ಹಳೆಯ ಜಾವಾ ವಾಹನಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಇಂದಿನವು 12 ವೋಲ್ಟಿನವು. 6ರ ಬಲ್ಬನ್ನು 12ಕ್ಕೆ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. 12ರದನ್ನು 6ಕ್ಕೆ ಹಾಕಿದರೆ ಮಿಣುಕುತ್ತದೆ. ಹೊಸ ಬಲ್ಬು ಕೊಳ್ಳುವ ಮೊದಲು, ಅದೇ ಫಲಕದಲ್ಲಿ ಅದೇ ಅಳತೆಯ ಬೇರೆ ಬಲ್ಬು ಇದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಎರಡನೆಯದು, ದೀಪ ಎಂದಿಗೂ ಆರದಿರುವುದು. ಇಲ್ಲಿಯೂ ಸ್ವಿಚ್ಚಿನ ತಂತಿಯನ್ನೇ ಬಿಡಿಸಬೇಕು. ಆದರೆ ಯಾವುದಕ್ಕೂ ಮುಟ್ಟಿಸದೆ ಗಾಳಿಯಲ್ಲಿ ಹಿಡಿಯಬೇಕು. ದೀಪ ಆರಿದರೆ ದೋಷವು ಸ್ವಿಚ್ಚಿನಲ್ಲಿದೆ. ಆರದಿದ್ದರೆ ತಂತಿಯು ಮಾರ್ಗಮಧ್ಯದಲ್ಲೆಲ್ಲೋ ಚೌಕಟ್ಟಿಗೆ ತಗುಲಿದೆ. ಮೊದಲ ಪ್ರಕಾರದಲ್ಲಿ ಅನ್ವಯವು ನಿರ್ಣಾಯಕ, ಇಲ್ಲಿ ವ್ಯತಿರೇಕವು ನಿರ್ಣಾಯಕ.

ಮೂರನೆಯದು, ದೀಪ ಒಮ್ಮೆ ಹೊತ್ತಿ ಒಮ್ಮೆ ಆರುವುದು, ಅಥವಾ ಮಂಕಾಗಿ ಉರಿಯುವುದು. ತಂತಿಯ ಕೂಡುವಿಕೆ ಸಡಿಲವಾಗಿರುವುದು, ತುಕ್ಕು, ಸ್ವಿಚ್ಚಿನ ತುದಿಯ ಸವೆತ ಇವು ಇದಕ್ಕೆ ಕಾರಣಗಳು. 3 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಕಾಲು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅದರ ತಡೆ 48 ಓಮು. ತುಕ್ಕು ಹಿಡಿದ ಕೂಡುವಿಕೆಯೊಂದು ಹತ್ತಿಪ್ಪತ್ತು ಓಮುಗಳ ತಡೆಯನ್ನು ಸೇರಿಸಿದರೂ ಬೆಳಕು ಎದ್ದು ಕಾಣುವಂತೆ ಕುಗ್ಗುತ್ತದೆ. ಮೀಟರಿನಿಂದ ಅಳೆಯುವವರು ಇಲ್ಲಿ ಮೋಸಹೋಗುವುದುಂಟು. ಮೀಟರು ಅತ್ಯಲ್ಪ ವಿದ್ಯುತ್ತನ್ನು ಎಳೆಯುವುದರಿಂದ, ತುಕ್ಕು ಹಿಡಿದ ದಾರಿಯ ಕೊನೆಯಲ್ಲಿಯೂ ಅದು ಪೂರ್ಣ 12 ವೋಲ್ಟನ್ನೇ ತೋರಿಸುತ್ತದೆ. ಭಾರ ಹೊರದವನ ಬಲವನ್ನು ಅಳೆದಂತೆ ಅದು. ಆದುದರಿಂದ ತಂತಿಯನ್ನು ಮುಟ್ಟಿಸಿ ದೀಪವನ್ನೇ ಉರಿಸಿ ನೋಡುವ ಪರೀಕ್ಷೆ ಇಂಥಲ್ಲಿ ಮೀಟರಿಗಿಂತ ವಿಶ್ವಾಸಾರ್ಹ.

ನಾಲ್ಕನೆಯದು ವಿಚಿತ್ರವಾದದ್ದು: ಗೇರಿನಲ್ಲಿದ್ದಾಗ ಕ್ಲಚ್ಚನ್ನು ಹಿಡಿದೊಡನೆ ದೀಪ ಹೊತ್ತುವುದು. ಅನೇಕ ವಾಹನಗಳಲ್ಲಿ ತಟಸ್ಥದಲ್ಲಿದ್ದರೆ ಅಥವಾ ಕ್ಲಚ್ಚು ಹಿಡಿದಿದ್ದರೆ ಮಾತ್ರ ಸ್ಟಾರ್ಟರು ತಿರುಗುವಂತೆ ಏರ್ಪಾಡು ಇರುತ್ತದೆ. ಈ ಎರಡು ದಾರಿಗಳು ಒಂದರೊಳಗೊಂದು ಬೆರೆಯದಂತೆ ನಡುವೆ ಡಯೋಡು ಎಂಬ ಒಮ್ಮುಖದ ಬಾಗಿಲು ಇರುತ್ತದೆ. ಅದು ಕೆಟ್ಟು ಎರಡೂ ಕಡೆಗೆ ತೆರೆದುಕೊಂಡರೆ ಕ್ಲಚ್ಚಿನ ಸ್ವಿಚ್ಚೇ ತಟಸ್ಥದ ದೀಪವನ್ನು ಬೆಳಗಿಸುತ್ತದೆ. ಇದನ್ನು ಅರಿಯದವರು ನಿರ್ದೋಷಿಯಾದ ತಟಸ್ಥದ ಸ್ವಿಚ್ಚನ್ನು ಪದೇ ಪದೇ ಬದಲಿಸುತ್ತ ಹೋಗುತ್ತಾರೆ.

ಒಂದು ನಿದರ್ಶನ

ಬೀಳಗಿಯಿಂದ ಗಲಗಲಿಯ ಕಡೆಗೆ ದಿನಾಲು ಹೋಗಿಬರುವ ಶಿಕ್ಷಕರೊಬ್ಬರ ವಾಹನದಲ್ಲಿ ಹಸಿರು ದೀಪ ಆರುತ್ತಿಲ್ಲವೆಂದು ಭಾವಿಸಿಕೊಳ್ಳಬಹುದು. ‘ಸ್ವಿಚ್ ಹೋಗೇತ್ರಿ ಸರ, ಹೊಸಾದು ಹಾಕೂಣು’ ಎಂಬುದು ಗ್ಯಾರೇಜಿನ ಮೊದಲ ಮಾತು. ಈ ಮಾತು ನಿಜವಾಗಲೂಬಹುದು. ಆದರೆ ಅದಿನ್ನೂ ನಿರ್ಣಯವಲ್ಲ, ಪೂರ್ವಪಕ್ಷ. ಸ್ವಿಚ್ಚಿನ ತಂತಿಯನ್ನು ಬಿಡಿಸಿ ನೋಡಿದಾಗ ದೀಪ ಹಾಗೆಯೇ ಉರಿಯುತ್ತಿದೆ. ಅಲ್ಲಿಗೆ ಪೂರ್ವಪಕ್ಷವು ಬಿದ್ದುಹೋಯಿತು. ಹೊಸ ಸ್ವಿಚ್ಚನ್ನು ಕೊಂಡಿದ್ದರೆ ಹಣವೂ ಹೋಗಿ ದೀಪವೂ ಉಳಿಯುತ್ತಿತ್ತು.

ಇನ್ನು ತಂತಿಯ ಶೋಧ. ರಬಕವಿ-ಬನಹಟ್ಟಿಯ ನೇಕಾರನು ಮಗ್ಗದಲ್ಲಿ ಹಾಸಿನ ಎಳೆಯೊಂದು ಕಡಿದರೆ ಇಡೀ ಹಾಸನ್ನು ಕಿತ್ತೊಗೆಯುವುದಿಲ್ಲ. ಬಟ್ಟೆಯ ಕಡೆಯಿಂದ ಆ ಒಂದೇ ಎಳೆಯನ್ನು ಹಿಡಿದು ಹಿಂದೆ ಹಿಂದೆ ಹೋಗಿ ಕಡಿದ ಜಾಗವನ್ನು ಮುಟ್ಟುತ್ತಾನೆ. ಇಲ್ಲಿಯೂ ಅದೇ ಕ್ರಮ. ಕೀಲಿ ತಿರುಗಿಸಿಟ್ಟು, ತಂತಿಯನ್ನು ಎಂಜಿನ್ನಿನಿಂದ ಮೇಲಕ್ಕೆ ಮೆಲ್ಲಗೆ ಅಲುಗಿಸುತ್ತ ದೀಪದ ಕಡೆಗೆ ಒಬ್ಬರು ಕಣ್ಣಿಟ್ಟಿರಬೇಕು. ಎಲ್ಲಿಯೂ ಬದಲಾವಣೆ ಕಾಣದೆ, ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ ದೀಪ ಆರಿತು, ನೇರಕ್ಕೆ ತಂದಾಗ ಮತ್ತೆ ಹೊತ್ತಿತು ಎಂದಿಟ್ಟುಕೊಂಡರೆ, ದೋಷದ ನೆಲೆಯು ಹ್ಯಾಂಡಲ್ಲಿನ ಕುತ್ತಿಗೆಯಲ್ಲಿದೆ ಎಂಬುದು ಸಿದ್ಧ. ಸಾವಿರಾರು ಸಲ ಆಚೀಚೆ ಹೊರಳಿದ ತಂತಿಯು ಅಲ್ಲಿ ಚೌಕಟ್ಟಿನ ಅಂಚಿಗೆ ಉಜ್ಜಿ ಹೊದಿಕೆಯನ್ನು ಕಳೆದುಕೊಂಡಿರುತ್ತದೆ. ಬ್ಯಾಟರಿಯ ತಂತಿಯನ್ನು ಕಳಚಿಟ್ಟು, ಗಾಯದ ಜಾಗಕ್ಕೆ ಹೊದಿಕೆ ಹಾಕಿ, ಅಂಚಿಗೆ ತಾಗದಂತೆ ತಂತಿಯನ್ನು ಸರಿಸಿ ಕಟ್ಟಿದರೆ ಕೆಲಸ ಮುಗಿಯಿತು. ಹೊದಿಕೆ ಹಾಕಿ ಅಂಚಿನ ಮೇಲೆಯೇ ಬಿಟ್ಟರೆ ಕೆಲವು ತಿಂಗಳಿಗೆ ಮತ್ತೆ ಅದೇ ಗತಿ. ದೋಷವನ್ನು ಮುಚ್ಚಿದರೆ ಸಾಲದು, ದೋಷದ ಕಾರಣವನ್ನು ಕಳೆಯಬೇಕು.

ಸ್ಥಳಸಂಬಂಧವಾದ ಕಾರಣಗಳು

ಈ ಸೀಮೆಯಲ್ಲಿ ತಟಸ್ಥದ ಸ್ವಿಚ್ಚು ಕೆಡಲು ಭೂಮಿಯ ಗುಣವೂ ಕಾರಣ. ಎರೆಮಣ್ಣು ಮಳೆಗಾಲದಲ್ಲಿ ಅಂಟಿನಂತೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಕಲ್ಲಿನಂತೆ ಒಣಗುತ್ತದೆ. ಗಾಲಿಯಿಂದ ಸಿಡಿದ ಮಣ್ಣು ಚೈನಿನ ಗ್ರೀಸಿನೊಡನೆ ಕಲೆತು ಮುಂದಿನ ಹಲ್ಲುಗಾಲಿಯ ಮುಚ್ಚಳದೊಳಗೆ ಗಟ್ಟಿಯಾಗಿ ಕೂಡುತ್ತದೆ. ಸ್ವಿಚ್ಚು ಇರುವುದೂ ಅಲ್ಲಿಯೇ. ಆ ಮುದ್ದೆಯು ತಂತಿಯನ್ನು ಸುತ್ತುವ ಚೈನಿನ ಕಡೆಗೆ ದೂಡಿ ತುಂಡರಿಸುವುದುಂಟು. ಆಲಮಟ್ಟಿ ಜಲಾಶಯದ ಹಿನ್ನೀರಿನ ದಂಡೆಯ ಊರುಗಳಲ್ಲಿ ಕೆಸರಿನ ದಾರಿಯಲ್ಲಿ ಓಡಾಡುವ ವಾಹನಗಳಿಗೆ ಈ ಬಾಧೆ ಹೆಚ್ಚು. ಕಬ್ಬಿನ ಹಂಗಾಮಿನಲ್ಲಿ ಹೊಲದ ದಾರಿಯ ರವದಿ, ಧೂಳುಗಳೂ ಅಲ್ಲಿ ಸೇರುತ್ತವೆ. ಮುಚ್ಚಳವನ್ನು ಹಂಗಾಮಿಗೆ ಒಮ್ಮೆ ಬಿಚ್ಚಿ, ಮೊಂಡು ಕಡ್ಡಿಯಿಂದ ಮಣ್ಣು ಕೆರೆದು, ಒಣಬಟ್ಟೆಯಿಂದ ಒರೆಸುವುದು ಸಾಕು. ರಭಸದ ನೀರನ್ನು ಸ್ವಿಚ್ಚಿಗೂ ತಂತಿಯ ಕೂಡುವಿಕೆಗಳಿಗೂ ನೇರವಾಗಿ ಹೊಡೆಯಬಾರದು. ಹೊರಗಿನ ಕೊಳೆ ಹೋಗಿ ಒಳಗೆ ತುಕ್ಕು ಹುಟ್ಟುತ್ತದೆ. ಧಾನ್ಯದ ಚೀಲಗಳಿರುವ ಪಡಸಾಲೆಯಲ್ಲಿ ವಾಹನ ನಿಲ್ಲಿಸುವವರು ಇಲಿಯನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಬೇಕು. ತಂತಿಯ ಹೊದಿಕೆಯನ್ನು ಅದು ಬಿಡುವುದಿಲ್ಲ.

ಸ್ವಿಚ್ಚನ್ನು ಬದಲಿಸಲೇಬೇಕಾದಾಗ ಎರಡು ವಿಷಯ ನೆನಪಿರಬೇಕು. ಸ್ವಿಚ್ಚು ಎಂಜಿನ್ನಿನ ಎಣ್ಣೆಯ ಕೋಣೆಗೆ ಹೊಂದಿಕೊಂಡಿರುವುದರಿಂದ ಬಿಚ್ಚಿದಾಗ ಎಣ್ಣೆ ಸುರಿದೀತು; ಅದರ ರಬ್ಬರು ಬಳೆಯನ್ನು ಹೊಸದಾಗಿಯೇ ಹಾಕಬೇಕು. ಎಂಜಿನ್ನಿನ ಮೈ ಅಲ್ಯೂಮಿನಿಯಮ್ಮಿನದು, ಮೆದುವಾದ ಲೋಹ. ಬಲವನ್ನೆಲ್ಲ ಹಾಕಿ ಬಿಗಿದರೆ ಮರೆ ಹರಿದು, ಸಣ್ಣ ದುರಸ್ತಿಯು ದೊಡ್ಡ ದುರಸ್ತಿಯಾಗುತ್ತದೆ.

ಹೊಸ ವಾಹನಗಳ ವಿಶೇಷ

2020ರ ಏಪ್ರಿಲ್ ತಿಂಗಳಿಂದ ಭಾರತದಲ್ಲಿ ಬಿ.ಎಸ್. 6 ನಿಯಮಗಳು ಜಾರಿಗೆ ಬಂದ ಮೇಲೆ ಬಹಳಷ್ಟು ವಾಹನಗಳಿಗೆ ಇಂಧನವನ್ನು ಅಳೆದು ಚಿಮ್ಮಿಸುವ ಗಣಕಯಂತ್ರದ ವ್ಯವಸ್ಥೆ ಬಂದಿದೆ. ಹಸಿರು ದೀಪದೊಂದಿಗೆ ಗೇರಿನ ಸಂಖ್ಯೆಯನ್ನೇ ಅಂಕಿಯಲ್ಲಿ ತೋರಿಸುವ ಫಲಕಗಳೂ ಅನೇಕ ವಾಹನಗಳಲ್ಲಿವೆ. ಅಲ್ಲಿ ಡ್ರಮ್ಮಿನ ತುದಿಯಲ್ಲಿರುವುದು ಒಂದು ಸಂಪರ್ಕವಲ್ಲ. ಪ್ರತಿ ಗೇರಿಗೂ ಒಂದೊಂದು ಸಂಪರ್ಕ, ಅಥವಾ ಡ್ರಮ್ಮಿನ ಕೋನಕ್ಕೆ ತಕ್ಕಂತೆ ವೋಲ್ಟನ್ನು ಬದಲಿಸಿ ಹೇಳುವ ಸಂವೇದಕ. ಒಂದೇ ಒಂದು ಅಂಕಿ ಕಾಣಿಸದೆ ಉಳಿದೆಲ್ಲವೂ ಸರಿಯಾಗಿ ಕಾಣಿಸಿದರೆ ಆ ಒಂದರ ಸಂಪರ್ಕ ಅಥವಾ ತಂತಿಯನ್ನು ಸಂಶಯಿಸಬೇಕು. ಎಲ್ಲವೂ ಒಟ್ಟಿಗೆ ಕೆಟ್ಟರೆ ಎಲ್ಲಕ್ಕೂ ಸಮಾನವಾದ ದಾರಿಯನ್ನು ಸಂಶಯಿಸಬೇಕು. ತರ್ಕವು ಹಳೆಯದೇ. ಆದರೆ ಇಂಥ ವಾಹನದಲ್ಲಿ ಕಂಡ ಕಂಡ ತಂತಿಯನ್ನು ಮೈಗೆ ಮುಟ್ಟಿಸುವುದು ಸಲ್ಲದು. ಕೈಪಿಡಿಯಿಲ್ಲದೆ, ಸರಿಯಾದ ಮೀಟರಿಲ್ಲದೆ ಅಲ್ಲಿ ಕೈಹಾಕದೆ ಬಲ್ಲವರಿಗೆ ಒಪ್ಪಿಸುವುದು ವಿವೇಕ. ತನ್ನ ಅರಿವಿನ ಎಲ್ಲೆಯನ್ನು ಬಲ್ಲುದೂ ಅರಿವಿನ ಒಂದು ಅಂಗವೇ.

ಪಾಠಕ್ರಮದಲ್ಲಿ ಉಪಯೋಗ

ಈ ವಿಚಾರವನ್ನು ಪ್ರೌಢಶಾಲೆಯ ಮಕ್ಕಳಿಗೆ ಒಂದು ತಾಸಿನ ಪಾಠವಾಗಿ ಕಲಿಸಲು ಬರುತ್ತದೆ. ಒಂದು ಹಲಗೆ, ಟಾರ್ಚಿನ ಸೆಲ್ಲುಗಳು, ಚಿಕ್ಕ ಬಲ್ಬು, ಎರಡು ಮಾರು ತಂತಿ, ತಿರುಗುವ ಮರದ ಬಿಲ್ಲೆ, ಬಿಲ್ಲೆಯ ಅಂಚಿಗೆ ಬಡಿದ ಒಂದೇ ಹಿತ್ತಾಳೆ ಮೊಳೆ ಇಷ್ಟು ಸಾಮಗ್ರಿ ಸಾಕು. ಬಿಲ್ಲೆ ತಿರುಗಿ ಮೊಳೆಯು ತಗಡನ್ನು ಮುಟ್ಟಿದಾಗ ದೀಪ ಹೊತ್ತಬೇಕು, ಉಳಿದೆಡೆ ಆರಬೇಕು. ಒಬ್ಬ ವಿದ್ಯಾರ್ಥಿಯು ಮರೆಯಲ್ಲಿ ದೋಷವೊಂದನ್ನು ಮಾಡಲಿ: ಬಲ್ಬನ್ನು ತುಸು ಸಡಿಲಿಸಲಿ, ತಂತಿಯನ್ನು ಹೊದಿಕೆಯೊಳಗೆ ಕಡಿಯಲಿ, ಇಲ್ಲವೆ ಮೊಳೆಗೆ ಮೇಣ ಬಳಿಯಲಿ. ಇನ್ನೊಬ್ಬನು ಏನನ್ನೂ ಬದಲಿಸದೆ, ಕೇವಲ ಪರೀಕ್ಷೆಯಿಂದ ಅದನ್ನು ಹುಡುಕಲಿ. ಪ್ರತಿ ಪರೀಕ್ಷೆಯಾದ ಮೇಲೆ, ಇದರಿಂದ ಯಾವುದು ನಿರ್ದೋಷಿಯಾಯಿತು, ಯಾವುದು ಸಂಶಯದಲ್ಲಿ ಉಳಿಯಿತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಲಿ. ವಿಜ್ಞಾನದ ಅಧ್ಯಾಪಕರಿಗೆ ಇದು ವಿದ್ಯುತ್ತಿನ ಪಾಠ, ಭಾಷೆಯ ಅಧ್ಯಾಪಕರಿಗೆ ಸ್ಪಷ್ಟವಾಗಿ ಬರೆಯುವ ಪಾಠ. ಕೆಲಸಕ್ಕೆ ಬಾರದೆ ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಎಂಜಿನ್ನೊಂದನ್ನು ಹಳೆಯ ವಿದ್ಯಾರ್ಥಿಗಳೋ ದಾನಿಗಳೋ ತಮ್ಮೂರ ಶಾಲೆಗೆ ಕೊಟ್ಟರೆ, ಅದರ ಮುಚ್ಚಳ ತೆಗೆದು ಡ್ರಮ್ಮನ್ನು ಕಣ್ಣಾರೆ ತೋರಿಸಬಹುದು. ಅನುಮಾನದಿಂದ ತಿಳಿದದ್ದನ್ನು ಮಕ್ಕಳು ಪ್ರತ್ಯಕ್ಷದಿಂದ ತಾಳೆ ನೋಡಿದಂತಾಗುವುದು.

ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆಯೋ ಅನಗವಾಡಿಯ ಸೇತುವೆಯ ಬಳಿಯೋ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ನಿಂತ ಸವಾರನಿಗೆ ಶಾಸ್ತ್ರದ ಪರಿಭಾಷೆಯೆಲ್ಲ ನೆನಪಿಗೆ ಬಾರದಿದ್ದರೂ ಚಿಂತೆಯಿಲ್ಲ. ಹಸಿರು ದೀಪ ಕಂಡಮೇಲೂ ಕ್ಲಚ್ಚನ್ನು ಒಮ್ಮೆಗೇ ಬಿಡದೆ, ಬ್ರೇಕಿನ ಮೇಲೆ ಕೈಯಿಟ್ಟು, ಮೆಲ್ಲಮೆಲ್ಲಗೆ ಬಿಟ್ಟು ನೋಡುವ ಅಭ್ಯಾಸವೊಂದಿದ್ದರೆ ಸಾಕು. ವಾಹನವು ಎಳೆಯಿತೆಂದರೆ ದೀಪವು ಸುಳ್ಳಾಡುತ್ತಿದೆ. ಮರಳಿ ಕ್ಲಚ್ಚನ್ನು ಹಿಡಿದು, ಊರು ಮುಟ್ಟಿದ ಕೂಡಲೆ ಚೈನಿನ ಮುಚ್ಚಳವನ್ನು ಬಿಚ್ಚತಕ್ಕದ್ದು.